ಕೆಂಪು ಕಾರಿನ ಟೈರು ಪ್ರಸಂಗ

ಮಧುಗಿರಿಯಲ್ಲಿ ನನಗೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ಒಂದು ಲೋಟ ಕೊಳ್ಳಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವ ಗಿರಾಕಿಗಳನ್ನು ಕಂಡು ಹದಿನೆಂಟು ವರ್ಷ ಒಳಗೊಳಗೇ ನಕ್ಕಿದ್ದೇನೆ. ಆ ಪಾಪವೇ ಇರಬೇಕು, ನಾಲ್ಕು ಟೈರು ಆರಿಸಲು ನನಗೆ ಇಪ್ಪತ್ತೆರಡು ದಿನ ಹಿಡಿಯಿತು. ಆರಿಸಿದ ಮೇಲೆ ಏನಾಯಿತೆಂದು ಯಾರಿಗಾದರೂ ಹೇಳಿಕೊಳ್ಳಬೇಕು. ಮನೆಯವರಿಗೆ ಹೇಳೋಣವೆಂದರೆ ಅವರೆಲ್ಲ ಕಣ್ಣಾರೆ ಕಂಡಿದ್ದಾರೆ, ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಟೈರು ಬೇಕಾದದ್ದು ನನ್ನ ಕೆಂಪು ಕಾರಿಗೆ. ಎರಡೇ ಬಾಗಿಲು, ನೆಲಕ್ಕೆ ಅಂಟಿದಂತೆ ತಗ್ಗು, ಗೇರಿನ ಪಕ್ಕದಲ್ಲಿ ‘ಸ್ಪೋರ್ಟ್’ ಎಂದು ಬರೆದ ಒಂದು ಗುಂಡಿ. ನಲವತ್ತಾರನೆಯ ವಯಸ್ಸಿನಲ್ಲಿ, ಸೆಕೆಂಡ್ ಹ್ಯಾಂಡಾಗಿ, ಮನೆಯಲ್ಲಿ ಯಾರನ್ನೂ ಕೇಳದೆ ನಾನು ತಂದ ಏಕೈಕ ವಸ್ತು ಅದು. (ಎರಡನೆಯ ವಸ್ತು ಇಲ್ಲದಿರುವುದಕ್ಕೆ ಈ ಮೊದಲನೆಯದೇ ಕಾರಣ.) ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆದರೆ ನನ್ನ ಹೆಂಡತಿ ಲೋಹಿತಾ ಆ ಕಾರಿನ ಸೀಟಿನಿಂದ ಮೇಲೇಳುವಾಗ ಮಾತ್ರ “ರೇಣುಕಪ್ರಸಾದ್!” ಎಂದು ಪೂರ್ತಿ ಹೆಸರು ಹಿಡಿಯುತ್ತಾಳೆ.

ಕಾರ್ತಿಕದ ಒಂದು ಶುಕ್ರವಾರ ಗೊರವನಹಳ್ಳಿಗೆ ಲಕ್ಷ್ಮೀ ದರ್ಶನಕ್ಕೆ ಹೊರಟಿದ್ದೆವು. ಹಳೆಯ ಟೈರುಗಳು ಸವೆದು ಬೋಳಾಗಿದ್ದವು. ಹಿಂದಿನ ದಿನ ಮಳೆ ಬಿದ್ದಿತ್ತು. ಕೊರಟಗೆರೆ ದಾಟಿದ ಮೇಲೆ ಕಾರು ಮೆಲ್ಲಗೆ ರಸ್ತೆ ಬಿಟ್ಟು ಕೆಸರಿನಲ್ಲಿ ಹೋಗಿ ಕೂತಿತು. ಹಿಂದೆ ಬಂದ ಬಸ್ಸಿನ ಭಕ್ತಾದಿಗಳೆಲ್ಲ ಇಳಿದು ತಳ್ಳಿದರು. ಒಬ್ಬ ಅಜ್ಜಿ ಬಾನೆಟ್ಟಿಗೆ ಕುಂಕುಮ ಹಚ್ಚಿ, “ಪಾಪ, ಹುಟ್ಟಿದಾಗ್ಲಿಂದ್ಲೂ ಇಷ್ಟೇ ಎತ್ರನಾ?” ಎಂದು ವಿಚಾರಿಸಿದರು.

ಅಂದು ಸಂಜೆ ಲೋಹಿತಾ ತೀರ್ಪು ಕೊಟ್ಟಳು.

“ಸಂಕ್ರಾಂತಿ ಆದ್ಮೇಲೆ ನನ್ನ ತಮ್ಮ ಗೌರೀಶನ ನಿಶ್ಚಿತಾರ್ಥ. ಅವತ್ತು ಹನ್ನೊಂದು ಗಂಟೆ ಒಳಗೆ ಈ ಕಾರು ನಮ್ಮಪ್ಪನ ಮನೆ ಮುಂದೆ ನಿಂತಿರ್ಬೇಕು. ನಿಲ್ಲಲಿಲ್ಲ ಅಂದ್ರೆ ಕೀ ಅವನ ಕೈಗೆ ಕೊಟ್ಟು, ಅವನ ವ್ಯಾನು ತಗೊಂಡು ಬರೋದು. ಒಪ್ಪಿಗೇನಾ?”

ಗೌರೀಶನ ವ್ಯಾನು ಬಿಳೀ ಬಣ್ಣದ್ದು. ಒಳಗೆ ಸದಾ ಈರುಳ್ಳಿ ವಾಸನೆ. ಅದರಲ್ಲಿ ಕೂತ ಗಂಡಸನ್ನು ಯಾರೂ ತಿರುಗಿ ನೋಡುವುದಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಒಪ್ಪಿಗೆ ಎಂದೆ.

ಹೀಗೆ ಟೈರು ಸಂಶೋಧನೆ ಶುರುವಾಯಿತು. ಫೋನಿನಲ್ಲಿ ನೂರಾರು ವಿಡಿಯೋ ನೋಡಿದೆ. ಎಲ್ಲದರಲ್ಲೂ ಸ್ವೆಟರ್ ತೊಟ್ಟವರು ಹಿಮದ ಮೇಲೆ ಕಾರು ಓಡಿಸುತ್ತಿದ್ದರು. ನಮ್ಮೂರಲ್ಲಿ ಹಿಮ ಸಿಗುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ. ಸಿರಾದ ಟೈರು ಅಂಗಡಿಯ ನವೀನ್ ಕುಮಾರನನ್ನು ಕೇಳಿದೆ. ಅವನು ಟೈರಿನ ಪಕ್ಕದ ಅಂಕಿಗಳನ್ನು ಜಾತಕ ಓದುವ ಗಾಂಭೀರ್ಯದಿಂದ ಓದಿ ಹೇಳಿದ: “ಪರ್ಫಾರ್ಮೆನ್ಸ್ ಹಾಕ್ಸಿದ್ರೆ ಹಿಡಿತ ಜಾಸ್ತಿ, ಆಯಸ್ಸು ಕಮ್ಮಿ ಸಾರ್. ಎರಡು ವರ್ಷಕ್ಕೆ ಸವೆದೋಗ್ತವೆ. ಆಲ್ ಸೀಸನ್ ಆದ್ರೆ ಹಿಡಿತ ಸಾಧಾರಣ, ಬಾಳಿಕೆ ಜಾಸ್ತಿ.” (ಹೆಣ್ಣು ಗಂಡು ಹುಡುಕಿಕೊಡುವವರೂ ಇದೇ ಧಾಟಿಯಲ್ಲಿ ಮಾತಾಡುತ್ತಾರೆ.)

“ಆಲ್ ಸೀಸನ್ನೇ ಹಾಕ್ಸಿ,” ಎಂದಳು ಲೋಹಿತಾ. “ಬಿಸಿಲಿಗೂ ಆಗುತ್ತೆ, ಮಳೆಗೂ ಆಗುತ್ತೆ.”

“ನಮ್ಮ ಕಡೆ ಅಷ್ಟೊಂದು ಸೀಸನ್ ಎಲ್ಲಿದಾವೆ? ಪಾವಗಡಕ್ಕೆ ಹೋಗಿ ನೋಡು. ಇರೋದೊಂದೇ ಸೀಸನ್ನು, ಬಿಸಿಲು. ಅದನ್ನೇ ಹಿಡಿದು ಕರೆಂಟ್ ಮಾಡ್ತಿದಾರೆ.”

“ಹಂಗಾದ್ರೆ ಕಾರ್ತಿಕದಲ್ಲಿ ನಾವು ಬಿಸಿಲಲ್ಲಿ ಜಾರಿದ್ವಾ?”

“ಅದು ಹಳೇ ಟೈರು. ಪರ್ಫಾರ್ಮೆನ್ಸ್ ಟೈರಿನ ರಬ್ಬರು ಮೆತ್ತಗಿರುತ್ತೆ ಲೋಹಿತಾ. ಗಂಟೆಗೆ ನೂರೈವತ್ತರಲ್ಲಿ ತಿರುವು ತಗೊಂಡ್ರೂ ನೆಲ ಬಿಡಲ್ಲ.”

“ನೂರೈವತ್ತು ಎಲ್ಲಿ ಹೋಗ್ತೀರಾ? ಕೊರಟಗೆರೆ ಬಸ್ ಸ್ಟ್ಯಾಂಡ್ ಮುಂದೇನಾ?”

ವಾದದಲ್ಲಿ ಸೋತಾಗ ಗಂಡಸು ಮಾಡುವುದನ್ನೇ ಮಾಡಿದೆ. ಪಾತ್ರೆ ಲೋಡಿನ ನೆಪ ಹೇಳಿ ಸಿರಾಕ್ಕೆ ಹೋಗಿ ನಾಲ್ಕೂ ಪರ್ಫಾರ್ಮೆನ್ಸ್ ಟೈರು ಹಾಕಿಸಿಕೊಂಡು ಬಂದೆ. ಅಗಲವಾಗಿ, ಕಪ್ಪಗೆ, ಗೀರುಗಳೇ ಇಲ್ಲವೇನೋ ಎನ್ನುವಷ್ಟು ನುಣ್ಣಗೆ ಇದ್ದವು. ಲೋಹಿತಾ ಬಾಗಿಲಲ್ಲೇ ನಿಂತು ಒಂದು ಸಲ ನೋಡಿದಳು. “ಗೌರೀಶನಿಗೆ ಕೆಂಪು ಬಣ್ಣ ಇಷ್ಟ,” ಎಂದಷ್ಟೇ ಹೇಳಿ ಒಳಗೆ ಹೋದಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಒಂಬತ್ತಕ್ಕೇ ಹೊರಟೆವು. ಹಿಂದಿನ ಸೀಟಿನಲ್ಲಿ ಹಣ್ಣಿನ ತಟ್ಟೆಗಳು. ಟೈರುಗಳು ರಸ್ತೆಯನ್ನು ಕಚ್ಚಿ ಹಿಡಿದಿದ್ದವು. ಸಿರಾ ದಾಟಿ ಹೆದ್ದಾರಿಯಲ್ಲಿ ತಾವರೆಕೆರೆ ಕಡೆ ಹೋಗುವಾಗ ನಾನು ಸಣ್ಣಗೆ ಶಿಳ್ಳೆ ಹಾಕಿದೆ. ಹೆದ್ದಾರಿ ಬಿಟ್ಟು ಮಾವನವರ ಊರಿನ ರಸ್ತೆಗೆ ತಿರುಗಿದಾಗ ಹತ್ತೂ ಇಪ್ಪತ್ತು. ಊರು ಇನ್ನು ಐದೇ ನಿಮಿಷದ ದಾರಿ.

ಅಲ್ಲಿ ರಸ್ತೆಯೇ ಕಾಣಲಿಲ್ಲ. ಟಾರಿನ ಉದ್ದಕ್ಕೂ ಮೊಣಕಾಲೆತ್ತರ ಹುರುಳಿ ಗಿಡ ಹಾಸಿದ್ದರು. ನಮ್ಮ ಸೀಮೆಯಲ್ಲಿ ಇದು ಮಾಮೂಲು. ಈಗ ಕಣ ಮಾಡಿ ಕಲ್ಲಿನ ಗುಂಡು ಉರುಳಿಸುವವರು ಯಾರೂ ಇಲ್ಲ. ಒಣಗಿದ ಗಿಡವನ್ನು ರಸ್ತೆಗೆ ಹಾಸುತ್ತಾರೆ, ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಬಸ್ಸು, ಟ್ರ್ಯಾಕ್ಟರುಗಳಿಗೆ ಇದೊಂದು ಲೆಕ್ಕವಲ್ಲ. ಹೊಟ್ಟೆ ನೆಲಕ್ಕೆ ತಾಗುವಂತಿರುವ ನನ್ನ ಕಾರು ಮಾತ್ರ ಅರ್ಧ ಫರ್ಲಾಂಗು ಹುರುಳಿಯನ್ನು ಎದೆಯಲ್ಲಿ ನೂಕಿಕೊಂಡು ಹೋಗಿ, ತಾನೇ ಮಾಡಿದ ಬಣವೆಗೆ ಮೂತಿ ಇಟ್ಟು ನಿಂತಿತು.

ಹೊಲದ ಬದಿಯಿಂದ ಒಬ್ಬ ಮುದುಕಿ ಕೊಕ್ಕೆ ಕೋಲು ಹಿಡಿದು ಬಂದಳು. ಹುರುಳಿಯ ಒಡತಿ ಚಿಕ್ಕಹನುಮಕ್ಕ.

“ಯಾಕಪ್ಪ ನಿಲ್ಲುಸ್ಬುಟ್ಟೆ? ರೋಡ್ನಾಗೆ ಹಾಕಿರಾದೇ ಓಡ್ಸ್ಲಿ ಅಂತ!”

“ಓಡಿಸೋಕೆ ಆಗ್ತಿಲ್ಲ ತಾಯಿ, ಕೆಳಗೆ ಸಿಕ್ಕಿಕೊಂಡಿದೆ.”

“ಇಳಿ ಮದ್ಲು. ಕಾದಿರೋ ಕೊಳವೆಗೆ ಸೊಪ್ಪು ತಗುಲಿ ಬೆಂಕಿ ಹತ್ತುದ್ರೆ ಕಾರೂ ಇಲ್ಲ, ನನ್ ಹುಳ್ಳಿಯೂ ಇಲ್ಲ.”

ಅವಳು ರಸ್ತೆಯ ಮೇಲೆ ಮಲಗಿ ಕೊಕ್ಕೆಯಿಂದ ಕಾರಿನ ಹೊಟ್ಟೆಯನ್ನೆಲ್ಲ ಬರಿದು ಮಾಡಿದಳು. ಹಾಸನ್ನು ಮತ್ತೆ ತೆಳ್ಳಗೆ ಹರಡಿ, ಕೈತೋರಿಸಿ ಅಪ್ಪಣೆ ಕೊಟ್ಟಳು: “ಗುಡ್ಡೆ ಮಾಡ್ದೋನು ನೀನು. ಈಗ ಮ್ಯಾಲೆ ಎಲ್ಡು ಸುತ್ತು ಓಡ್ಸಿ ಸರಿಮಾಡಿ ಹೋಗು.” ಲೋಹಿತಾ ರೇಷ್ಮೆ ಸೀರೆ ಎತ್ತಿ ಹಿಡಿದು ಹೊಂಗೆ ಮರದ ನೆರಳಿಗೆ ಹೋದಳು. ಎರಡು ಸುತ್ತು ಹೊಡೆದೆ. ಚಿಕ್ಕಹನುಮಕ್ಕ ಬಗ್ಗಿ ಒಂದು ಹಿಡಿ ಎತ್ತಿ ಊದಿ, ಅಂಗೈಯನ್ನು ಕಣ್ಣ ಹತ್ತಿರ ಹಿಡಿದಳು.

“ಅಯ್ ಶಿವ್ನೇ!” ಎಂದಳು. “ಒಂದು ಕಾಳೂ ಒಡ್ದಿಲ್ಲ ಕಣಮ್ಮ! ಬಸ್ಸು ಹೋದ್ರೆ ಅರ್ಧ ನುಚ್ಚು. ಟ್ಯಾಕ್ಟ್ರಿದು ಹಳ್ಳ ಬಿದ್ದಿರೋ ಗಾಲಿ, ಸಂದಿನಾಗೆ ಕಾಳು ಸಿಕ್ಕೊಂಡು ಪಕ್ಕದೂರಿಗೆ ಹೋಗ್ತದೆ. ಇದು ಮೆತ್ತಗೆ ಅಮುಕಿ ಸಿಪ್ಪೆ ಅಷ್ಟೇ ಬುಡುಸ್ತದೆ. ಎಲ್ಲಿ ತಂದ್ಯಪ್ಪ ಈ ಗಾಲಿಯ?”

ಇಪ್ಪತ್ತೆರಡು ದಿನದ ನನ್ನ ತಪಸ್ಸನ್ನು ಈ ಭೂಮಂಡಲದಲ್ಲಿ ಗುರುತಿಸಿದ ಮೊದಲ ಜೀವ ಅದು. “ಪರ್ಫಾರ್ಮೆನ್ಸ್ ಟೈರು ತಾಯಿ, ಇದರ ರಬ್ಬರೇ ಬೇರೆ,” ಎಂದು ವಿವರಿಸಿದೆ. ಅವಳು ಗಮನವಿಟ್ಟು ಕೇಳಿದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

“ಸಾಕು ಹೋಗಪ್ಪ, ಫಂಕ್ಷನ್ ಐತಂತೆ,” ಎಂದಳು ಅವಳು. ಆಗ ಹತ್ತೂ ಮುಕ್ಕಾಲು. ಹೊರಟಿದ್ದರೆ ಕಾರು ಉಳಿಯುತ್ತಿತ್ತು. ನಾನು ಗಡಿಯಾರ ನೋಡಿದೆ, ಹುರುಳಿ ನೋಡಿದೆ. “ಆ ಕಡೆ ಅಂಚು ಸರಿಯಾಗಿ ಆಗಿಲ್ಲ ತಾಯಿ, ಇನ್ನೆರಡು ಸುತ್ತು ಹೊಡೀತೀನಿ,” ಎಂದೆ.

“ಟೈಮ್ ನೋಡ್ಕೊಂಡ್ರಾ?” ಎಂದು ಲೋಹಿತಾ ಮರದಡಿಯಿಂದ ಕೂಗಿದಳು.

“ಎರಡೇ ನಿಮಿಷ!”

ಎರಡು ಸುತ್ತು ಒಂಬತ್ತಾಯಿತು. ಅಕ್ಕಪಕ್ಕದ ಹೊಲದ ಹೆಂಗಸರೂ ಬಂದು ತಮ್ಮ ಕಂತೆಗಳನ್ನು ಮುಂದೆ ಹಾಸಿ ನಿಂತು ನೋಡತೊಡಗಿದರು. ಆ ಉತ್ಸಾಹದಲ್ಲಿ ನಾನು ಜೀವನದಲ್ಲಿ ಮೊದಲ ಬಾರಿಗೆ ‘ಸ್ಪೋರ್ಟ್’ ಗುಂಡಿ ಒತ್ತಿದೆ. ಕಾರು ಗುಡುಗಿತು. ಹಿಂದಿನ ಕೊಳವೆಯ ಗಾಳಿಗೆ ಹೊಟ್ಟು ಹಾರಿ, ತೂರುವ ಕೆಲಸವೂ ಅರ್ಧ ಮುಗಿಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಕಾರಿನಿಂದ ಇಳಿದಾಗ ಗಂಟೆ ಹನ್ನೊಂದೂ ಹತ್ತು.

ಉಳಿದ ದಾರಿಯುದ್ದಕ್ಕೂ ಲೋಹಿತಾ ಗಡಿಯಾರವನ್ನೇ ನೋಡುತ್ತಿದ್ದಳು. ಮಡಿಲಲ್ಲಿ ಚಿಕ್ಕಹನುಮಕ್ಕ ಕೊಟ್ಟ ಹುರುಳಿಯ ಗಂಟಿತ್ತು. ನಾನು ಸ್ಟೀರಿಂಗ್ ಸವರಿದೆ. ಕಾರಿಗೆ ವಿದಾಯ ಹೇಳಿದೆ. ಅಳು ಬಂತು, ಹೊಟ್ಟಿನ ಧೂಳು ಎಂದು ಹೇಳಿ ಕಣ್ಣೊರೆಸಿಕೊಂಡೆ.

ಮಾವನವರ ಮನೆ ಮುಂದೆ ಶಾಮಿಯಾನ, ಜನ. ನಾನು ಕೀ ಕೈಯಲ್ಲಿ ಹಿಡಿದೇ ಇಳಿದೆ. ಮಾವ ಚನ್ನಮಲ್ಲಯ್ಯನವರು ಹೊಸ ಪಂಚೆ ಉಟ್ಟು ಬಂದರು. ನನ್ನ ಮುಖ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರನ್ನು ಸವರಿದರು.

“ಚಿಕ್ಕಹನುಮಕ್ಕ ಫೋನ್ ಮಾಡಿದ್ಲು. ಒಂದು ಕಾಳೂ ಒಡೀಲಿಲ್ಲವಂತೆ, ನಿಜವೇ ಅಳಿಯಂದ್ರೇ?”

ಲೋಹಿತಾ ಗಂಟು ಬಿಚ್ಚಿ ತೋರಿಸಿದಳು. ಅವರು ಕಾಳನ್ನು ಬೆರಳಲ್ಲಿ ಹೊರಳಿಸಿ ನೋಡಿ ತಲೆದೂಗಿದರು. ಗೌರೀಶ ನಗುತ್ತ ಬಂದು ಕೀಗೆ ಕೈ ಚಾಚಿದ.

“ಕೈ ತೆಗಿ,” ಎಂದಳು ಲೋಹಿತಾ. “ಈ ಕಾರು ಯಾರಿಗೂ ಕೊಡಲ್ಲ.”

ನಾನು ಅಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅಷ್ಟು ಸಂತೋಷದಿಂದ ಉಂಡ ಊಟ ಇನ್ನೊಂದಿಲ್ಲ. ಆ ಸಂತೋಷ ಕೈತೊಳೆಯುವವರೆಗೆ ಇತ್ತು. ತೊಳೆದು ಬರುವಾಗ ಮಾವನವರು, “ಮುಂದಿನ ಭಾನುವಾರ ನಮ್ಮ ಹುರುಳಿ ಹಾಸ್ತೀವಿ, ಬೆಳಿಗ್ಗೆ ಏಳಕ್ಕೆ ಬಂದ್ಬುಡಿ,” ಎಂದರು.

ಈಗ ಲೋಹಿತಾಳ ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪಿದೆ. ಯಾವ ಭಾನುವಾರ ಯಾವ ಊರು ಎಂದು ಅವಳೇ ತೀರ್ಮಾನಿಸುತ್ತಾಳೆ. ಹುರುಳಿ ಮುಗಿಯಿತು, ತೊಗರಿ ಮುಗಿಯಿತು, ಈಗ ಬಣವೆಯಲ್ಲಿದ್ದ ರಾಗಿ ಇಳಿಯುತ್ತಿದೆ. ನಾನು ಕಿಟಕಿ ಮುಚ್ಚಿ, ಮೂಗಿಗೆ ಟವೆಲ್ ಕಟ್ಟಿ, ಫಸ್ಟ್ ಗೇರಿನಲ್ಲಿ ಹಿಂದೆ ಮುಂದೆ ಹೋಗುತ್ತೇನೆ. ಲೋಹಿತಾ ಮರದಡಿ ಕುರ್ಚಿ ಹಾಕಿಸಿಕೊಂಡು ಮಜ್ಜಿಗೆ ಕುಡಿಯುತ್ತಾಳೆ. ಕಳೆದ ವಾರ ಗೌರೀಶ ತನ್ನ ವ್ಯಾನಿನಲ್ಲಿ ಪಕ್ಕದಲ್ಲೇ ಹಾದು ಹೋದ. ಒಳಗೆ ತಣ್ಣಗೆ ಕೂತು ಹಾಡು ಕೇಳುತ್ತಿದ್ದ. ಆ ವ್ಯಾನು ನನಗೆ ಬಹಳ ಸುಂದರವಾಗಿ ಕಂಡಿತು.

ಮೊನ್ನೆ ಧೈರ್ಯ ಮಾಡಿ ಲೋಹಿತಾಳನ್ನು ಕೂರಿಸಿಕೊಂಡು ನವೀನ್ ಕುಮಾರನ ಅಂಗಡಿಗೆ ಹೋದೆ.

“ನೋಡಪ್ಪ, ಈ ಟೈರು ಸವೆದಿದಾವೆ. ಆಳವಾದ ಗೀರು ಇರೋ ಆಲ್ ಸೀಸನ್ ಹಾಕ್ಬಿಡು. ನಮ್ಮ ಮನೆಯವರು ಮೊದಲೇ ಹೇಳಿದ್ರು, ನಾನು ಕೇಳಲಿಲ್ಲ.”

“ಸವೀಲಿ ಬಿಡಿ, ಆಮೇಲೆ ನೋಡೋಣ,” ಎಂದಳು ಲೋಹಿತಾ.

“ಎರಡು ವರ್ಷಕ್ಕೆ ಸವೆಯುತ್ತೆ ಅಂತ ನೀನೇ ಹೇಳಿದ್ದೆ ತಾನೆ?” ಎಂದು ಅವನನ್ನು ಕೇಳಿದೆ. ಎರಡು ವರ್ಷವಾದರೆ ಹೇಗೋ ಸಹಿಸಬಹುದು ಎನಿಸಿತ್ತು.

ನವೀನ್ ಕುಮಾರ್ ಅಳತೆ ಕಡ್ಡಿ ಇಟ್ಟು ನಾಲ್ಕೂ ಟೈರನ್ನು ಪರೀಕ್ಷಿಸಿದ. ಎಲ್ಲಿ ಓಡಿಸುತ್ತೀರಿ, ಎಷ್ಟು ವೇಗ ಎಂದು ಕೇಳಿದ. ಲೋಹಿತಾ ವಿವರವಾಗಿ ಹೇಳಿದಳು.

“ಎರಡು ವರ್ಷ ಅಂದಿದ್ದು ಸ್ಪೀಡಾಗಿ ಓಡ್ಸೋರಿಗೆ ಸಾರ್. ಹುಲ್ಲಿನ ಮೇಲೆ ಫಸ್ಟ್ ಗೇರಲ್ಲಿ ಹೋದ್ರೆ ಇವು ಸವೆಯೋದೆಲ್ಲಿಂದ ಬಂತು? ಹತ್ತು ವರ್ಷಕ್ಕೆ ಯೋಚ್ನೆ ಇಲ್ಲ.”

ಲೋಹಿತಾ ಆಗಲೇ ಫೋನ್ ಕಿವಿಗಿಟ್ಟಿದ್ದಳು. “ಅಪ್ಪಾ, ಹತ್ತು ವರ್ಷ ಬರುತ್ತಂತೆ. ಮದಲೂರಿನವರ ಒಕ್ಕಣೆಗೂ ಹೂಂ ಅಂತ ಹೇಳ್ಬಿಡಿ.”