ಮೋಶೆಯ ಹಸಿತನ, ಕಸ್ತೂರಿಯ ಸೀರೆ

ನಿವೃತ್ತನಾದ ಗಂಡಸಿಗೆ ತನ್ನ ತಾಕತ್ತಿನ ಬಗ್ಗೆ ಇರುವಷ್ಟು ಭ್ರಮೆ ಪೈಲ್ವಾನನಿಗೂ ಇರಲಿಕ್ಕಿಲ್ಲ. ನನಗಂತೂ ಅದು ಹೀಬ್ರೂ ಭಾಷೆಯ ಬೆಂಬಲದೊಂದಿಗೇ ಬಂತು. ನಿಪ್ಪಾಣಿಯಲ್ಲಿ ನನ್ನ ಜೊತೆ ಮಾಸ್ತರಿಕೆ ಮಾಡಿದ ಸಾಮುವೇಲ ಸರ್ ಈಗ ಬೈಬಲನ್ನು ಮೂಲದಲ್ಲೇ ಓದುವ ಹಟ ಹಿಡಿದಿದ್ದಾರೆ. ಹೋದ ತಿಂಗಳು ಒಂದು ದಿನ ಚಹಾ ಕುಡಿಯುತ್ತ, ನೂರಿಪ್ಪತ್ತು ತುಂಬಿದರೂ ಪ್ರವಾದಿ ಮೋಶೆಯ ಕಣ್ಣು ಮಂಜಾಗಿರಲಿಲ್ಲ, ‘ಲೇಹ’ ಕುಂದಿರಲಿಲ್ಲ ಎಂದರು. “ಲೇಹ ಅಂದ್ರ ಚೈತನ್ಯರಿ” ಎಂದದ್ದೇ ತಡ, ಎದ್ದುಬಿಟ್ಟೆ. “ತಡೀರಿ ಮಾಸ್ತರ, ಪೂರ್ತಿ ಕೇಳ್ರಿ” ಎಂದು ಅವರು ಕೂಗುತ್ತಲೇ ಇದ್ದರು. ಪೂರ್ತಿ ಕೇಳಿರೋ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ನನಗೆ ಮಾತ್ರ ಆ ಅಭ್ಯಾಸವಿಲ್ಲ.

ಚೈತನ್ಯ ನನಗೆ ಅಂದೇ ಬೇಕಾಗಿತ್ತು. ಹೆಂಡತಿ ಕಸ್ತೂರಿ ತಂಗಿಯ ಮಗಳ ಮದುವೆಗೆಂದು ಅಕ್ಕೋಳಕ್ಕೆ ಹೊರಟಿದ್ದಳು. “ನನ್ನ ಮೊಣಕಾಲು ಹಿಡದಾವ, ಎಮ್ಮಿ ಹಿಂಡಾಕ ನಿಮ್ಮ ಕೈಲೆ ಆಗೂದಿಲ್ಲ. ಇವತ್ತ ನೀವು ಹಿಂಡಿದ್ರ ಸರಿ, ಇಲ್ಲಾಂದ್ರ ಬರೂ ಸಂತ್ಯಾಗ ಮಾರೂದ!” ಎಂದಳು. ಆ ಎಮ್ಮೆಯ ಕೆನೆಮೊಸರಿಲ್ಲದೆ ನನಗೆ ರೊಟ್ಟಿ ಗಂಟಲಿಗಿಳಿಯುವುದಿಲ್ಲ. ಎದೆ ಉಬ್ಬಿಸಿ, “ಮೋಶೆಗೆ ನೂರಿಪ್ಪತ್ತು, ನನಗ ಬರೇ ಅರವತ್ಮೂರು” ಎಂದೆ.

“ಅವರೇನ ಎಮ್ಮಿ ಹಿಂಡ್ತಿದ್ರೇನ?” ಎಂದು ಬಸ್ಸು ಹತ್ತಿದಳು.

ಸಂಜೆ ಬಕೆಟ್ಟು ಹಿಡಿದು ಕೂತೆ. ಎಮ್ಮೆ ನನ್ನನ್ನು ಮೂಸಿತು. ತೊಟ್ಟು ಹಾಲೂ ಬಿಡಲಿಲ್ಲ. ಇದ್ದಬದ್ದ ಲೇಹವನ್ನೆಲ್ಲ ಕೂಡಿಸಿ ಜಗ್ಗಿದೆ. ಒಂದೇ ಒದೆತಕ್ಕೆ ಬಕೆಟ್ಟು ಸಗಣಿಗುಂಡಿ ಸೇರಿತು. ಹಿಂಡುವವಳು ಊರಲ್ಲಿಲ್ಲದಾಗ ಅವಳ ಸೀರೆ ಸುತ್ತಿಕೊಂಡು ಕೂರುವುದು ನಮ್ಮ ಕಡೆಯ ಉಪಾಯ. ಮಾನವಂತನಲ್ಲವೇ ನಾನು, ಉಡುವುದಾದರೆ ಒಳ್ಳೆಯದನ್ನೇ ಉಡೋಣವೆಂದು ಟ್ರಂಕಿನಿಂದ ಇಸ್ತ್ರಿ ಮಾಡಿದ ಇಳಕಲ್ ಸೀರೆ ತೆಗೆದೆ. ನುಸಿಗುಳಿಗೆಯ ವಾಸನೆಗೆ ಎಮ್ಮೆ ಸೀನಿತು, ಮತ್ತೆ ಒದೆಯಿತು.

ಅರ್ಧಕ್ಕೆ ನಿಂತ ಅರ್ಥವನ್ನು ಮುಗಿಸಲೆಂದೇ ಸಾಮುವೇಲ ಸರ್ ಆಗ ಬರಬೇಕೇ! ಸೆರಗಿನಲ್ಲಿದ್ದ ನನ್ನನ್ನು ನೋಡಿಯೂ ನಗಲಿಲ್ಲ, ಪುಣ್ಯಾತ್ಮ. “ಲೇಹ ಅಂದ್ರ ತೋಳಿನ ತಾಕತ್ತಲ್ರಿ, ಹಸಿತನ. ಈಗಷ್ಟ ಕಡದ ಟೊಂಗಿಯೊಳಗಿನ ತೇವ. ಹಸೀದು ಬಗ್ಗತೈತಿ, ಒಣಗಿದ್ದು ಮುರೀತೈತಿ. ನೀವು ಸೆಟಗೊಂಡು ಕುಂತೀರಿ” ಎಂದರು. ಆಮೇಲೆ ಹಗ್ಗದ ಮೇಲಿದ್ದ, ಕಸ್ತೂರಿ ಬಿಚ್ಚಿಹಾಕಿದ್ದ, ಅವಳ ಮೈವಾಸನೆಯ ಮಾಸಲು ಸೀರೆಯನ್ನು ತಂದುಕೊಟ್ಟರು. ಅದನ್ನು ಸುತ್ತಿಕೊಂಡು, ಬೆಚ್ಚನೆ ನೀರಿನಿಂದ ಕೆಚ್ಚಲು ತೊಳೆದು, “ಬಾರವ್ವಾ” ಎಂದು ಮೈದಡವಿದೆ. ಬಕೆಟ್ಟಿನಲ್ಲಿ ಚುರ್ರೆಂದು ಹಾಲು ಬಿತ್ತು. ಕಣ್ಣಲ್ಲಿ ನೀರು ಬಂತು, ಖುಷಿಗೆ.

ಎಮ್ಮೆ ಉಳಿಯಿತು. “ಕೈ ಕುಂತೈತಲ್ಲ, ಇನ್ನ ದಿನಾ ನೀವ ಹಿಂಡ್ರಿ” ಎಂದು ಕಸ್ತೂರಿ ಎರಡು ಹೊತ್ತಿನ ಕೆಲಸವನ್ನೂ ನನಗೇ ಒಪ್ಪಿಸಿದ್ದಾಳೆ. ಸೀರೆಯಿಲ್ಲದೆ ಹೋದರೆ ಎಮ್ಮೆ ಈಗಲೂ ಒದೆಯುತ್ತದೆ. ನಿನ್ನೆ ಸಾಮುವೇಲ ಸರ್ ಇನ್ನೊಂದು ಹೀಬ್ರೂ ಶಬ್ದ ಹೊತ್ತು ಬಂದರು. ಸೆರಗು ಸರಿಮಾಡಿಕೊಂಡು, ಅವರು ಮುಗಿಸುವವರೆಗೂ ಪೂರ್ತಿ ಕೇಳಿದೆ.