ಸನ್ಮಾನ ಪತ್ರದ ಗುಲಾಬಿ ಡಬ್ಬಿಗಳು

ಅಕ್ಷರವನ್ನು ದಪ್ಪ ಮಾಡುವುದು, ಓರೆ ಮಾಡುವುದು, ಕೆಳಗೊಂದು ಗೆರೆ ಎಳೆಯುವುದು, ಇವೆಲ್ಲ ಗುಮಾಸ್ತರ ಕೆಲಸ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಆದ್ದರಿಂದ ನೆರೂಳದ ಕಾಲೇಜೊಂದರಲ್ಲಿ ಹಿರಿಯ ನಾಗರಿಕರಿಗೆ ವರ್ಡ್ ಪ್ರೊಸೆಸಿಂಗ್ ತರಗತಿ ಶುರುವಾದಾಗ, ‘ಬೇಸಿಕ್’ ಎಂಬ ಕಾಲಮ್ಮಿನತ್ತ ಕಣ್ಣೆತ್ತಿಯೂ ನೋಡದೆ ನೇರವಾಗಿ ‘ಇಂಟರ್ಮೀಡಿಯೆಟ್’ಗೆ ಹೆಸರು ಕೊಟ್ಟೆ. ಡೊಂಬಿವಲಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಪರ್ಚೇಸ್ ಆಫೀಸರ್ ಆಗಿದ್ದವನು ಬೇಸಿಕ್ ಕಲಿಯುವುದೇ? ಛೆ!

ಆ ಮೂವತ್ತನಾಲ್ಕು ವರ್ಷವೂ ನನ್ನ ಪತ್ರಗಳನ್ನು ಟೈಪ್ ಮಾಡಿದ್ದು ಬೇರೆಯವರು ಎಂಬ ಸಂಗತಿ ಇಲ್ಲಿ ಅಪ್ರಸ್ತುತ.

ಈ ವಯಸ್ಸಿನಲ್ಲಿ ಡೊಂಬಿವಲಿಯಿಂದ ಹೊರಟು ಠಾಣೆ ಜಂಕ್ಷನ್ನಿನಲ್ಲಿ ಲೋಕಲ್ ರೈಲು ಬದಲಾಯಿಸಿಕೊಂಡು ನೆರೂಳಕ್ಕೆ ಹೋಗುವ ದರ್ದು ಏನಿತ್ತು ಎಂದು ನೀವು ಕೇಳಬಹುದು. ಇಪ್ಪತ್ತೆರಡು ರಟ್ಟಿನ ಪೆಟ್ಟಿಗೆಗಳ ದರ್ದು. ನಾನು ಕಾರ್ಯದರ್ಶಿಯಾಗಿರುವ ನಮ್ಮ ಕನ್ನಡ ಸಂಘದ ಕೋಣೆ ಇದ್ದ ಕಟ್ಟಡ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು. ಸಂಘದ ಗ್ರಂಥಾಲಯವನ್ನು ತಾತ್ಕಾಲಿಕವಾಗಿ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಕಮಿಟಿಯವರೆಲ್ಲ ಒಮ್ಮೆಲೇ ತಲೆಯೆತ್ತಿ ಫ್ಯಾನ್ ನೋಡತೊಡಗಿದರು. ನಾನೊಬ್ಬ ಎದುರಿಗೆ ನೋಡುತ್ತಿದ್ದೆ. ಸಿಕ್ಕಿಬಿದ್ದೆ. ಆ ‘ತಾತ್ಕಾಲಿಕ’ಕ್ಕೆ ಈಗ ಎರಡು ವರ್ಷ. ನಮ್ಮ ಒನ್ ಬಿಎಚ್‌ಕೆಯಲ್ಲಿ ಮಂಚದ ಕೆಳಗೆ ಕಾದಂಬರಿ, ಕಪಾಟಿನ ಮುಂದೆ ನಾಟಕ, ಅಡುಗೆಮನೆಯ ಬಾಗಿಲಲ್ಲಿ ವಿಮರ್ಶೆ. ನನ್ನ ಹೆಂಡತಿ ವಸಂತಿ ಎರಡು ವರ್ಷದಿಂದ ಅಡುಗೆಮನೆಗೆ ಅಡ್ಡಡ್ಡ ನಡೆದೇ ಹೋಗುತ್ತಿದ್ದಾಳೆ.

ಅವಳು ಗಡುವು ಕೊಟ್ಟಿದ್ದಳು. ದೀಪಾವಳಿಯ ಒಳಗೆ ಪೆಟ್ಟಿಗೆಗಳು ಹೊರಗೆ ಹೋಗಬೇಕು, ಇಲ್ಲವಾದರೆ ಅವಳು ಬದಲಾಪುರದ ಮಗಳ ಮನೆಗೆ ಹೋಗುತ್ತಾಳೆ. “ಮತ್ತೆ ನೀವು ಪುಸ್ತಕದ ಒಟ್ಟಿಗೇ ಸಂಸಾರ ಮಾಡಿ, ಆಯ್ತಾ?” ಎಂದು ಬಹಳ ಮೃದುವಾಗಿ ಹೇಳಿದಳು. ವಸಂತಿ ಮೃದುವಾಗಿ ಹೇಳಿದ್ದು ನಡೆಯದೆ ಹೋದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಇದ್ದದ್ದು ಒಂದೇ ದಾರಿ, ಪದ್ಮನಾಭ ರಾಯರು. ಸ್ಟೇಷನ್ನಿನ ಪೂರ್ವಕ್ಕೆ ಅವರದೊಂದು ಉಡುಪಿ ಹೋಟೆಲು, ಹೋಟೆಲಿನ ಮೇಲೆ ಒಂದು ದೊಡ್ಡ ಖಾಲಿ ಕೋಣೆ. ಹಾಗೆಂದು ಹೋಗಿ ಕೇಳಿಬಿಡುವ ಅಸಭ್ಯತೆ ನಮ್ಮ ಸಂಘಗಳಲ್ಲಿ ಇಲ್ಲ. ಅದಕ್ಕೊಂದು ಕ್ರಮ ಉಂಟು. ಮೊದಲು ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಕಟ್ಟು ಹಾಕಿಸಿದ ಸನ್ಮಾನ ಪತ್ರ. ಅದನ್ನು ವೇದಿಕೆಯ ಮೇಲೆ ಒಂದಕ್ಷರ ಬಿಡದೆ ಓದಬೇಕು. ಮನುಷ್ಯ ಕರಗುತ್ತಾನೆ. ಕರಗಿದ ಕೂಡಲೇ ಕೈಗೆ ಮೈಕು ಕೊಡಬೇಕು. ಮೈಕು ಹಿಡಿದವನು ಏನನ್ನಾದರೂ ಘೋಷಿಸದೆ ವೇದಿಕೆ ಇಳಿದ ಉದಾಹರಣೆ ನಮ್ಮ ಸಂಘದ ಇತಿಹಾಸದಲ್ಲಿಲ್ಲ.

ಆ ಪತ್ರವನ್ನು ಈ ಸಲ ಹೊರಗಿನವರ ಕೈಗೆ ಕೊಡುವುದಿಲ್ಲ, ನಾನೇ ಸಿದ್ಧಪಡಿಸುತ್ತೇನೆ ಎಂದು ಕಮಿಟಿಯಲ್ಲಿ ಎದ್ದು ನಿಂತು ಘೋಷಿಸಿದೆ. ಆಗ ನನ್ನ ಕೈಯಲ್ಲಿ ಮೈಕು ಕೂಡ ಇರಲಿಲ್ಲ!

ತರಗತಿಯ ಶಿಕ್ಷಕಿ ಕೇತಕಿ ಮ್ಯಾಡಮ್‌ಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಮೂರು ಶನಿವಾರ ಪಾಠ ಮಾಡಿದರು. ಪುಟದ ಸುತ್ತ ಅಂಚು ಕಟ್ಟುವುದು, ಪುಟದ ಹಿಂದೆ ಮಸುಕಾದ ಚಿತ್ರ ಇಡುವುದು, ಬರಹದ ಪಕ್ಕದಲ್ಲಿ ಕಾಮೆಂಟ್ ಹಾಕುವುದು, ಬೇಡವಾದಾಗ ಅದನ್ನು ಮರೆಮಾಡುವುದು. ಮರೆಮಾಡುವುದು ಬೇರೆ, ಅಳಿಸುವುದು ಬೇರೆ ಎಂದು ಅವರು ಎರಡು ಸಲ ಒತ್ತಿ ಹೇಳಿದರಂತೆ. ಇದು ಆಮೇಲೆ ಪಕ್ಕದ ಬೆಂಚಿನವರಿಂದ ತಿಳಿದದ್ದು. ನಾನು ಆಗ ಪುಟದಂಚಿಗೆ ಗುಲಾಬಿ ಬಣ್ಣದ ತಾವರೆ ಹೂಗಳನ್ನು ಪೋಣಿಸುವುದರಲ್ಲಿ ತಲ್ಲೀನನಾಗಿದ್ದೆ.

ಒಂದು ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತೆ. ಅದು ಮಗಳು ಅಮ್ಮನಿಗೆಂದು ಕೊಟ್ಟದ್ದು. ಅವಳೇ ಅದರೊಳಗೆ ಅಮ್ಮನ ಹೆಸರು ಹಾಕಿಟ್ಟಿದ್ದಳು. ಮೊದಲ ಸಾಲಿನಲ್ಲಿ ‘ದಾನಶೂರ ಕರ್ಣರೇ’ ಎಂದು ಟೈಪಿಸಿದೆ. ಹಿಂದೆ ಒಗೆದ ಬಟ್ಟೆ ಮಡಚುತ್ತಿದ್ದ ವಸಂತಿ ಬಗ್ಗಿ ನೋಡಿ, ಎರಡನೇ ಸಲ ಚಟ್ನಿ ಕೇಳಿದರೆ ಕಿಟಕಿ ಕಡೆ ನೋಡುವ ಮನುಷ್ಯ ಯಾವ ಸೀಮೆಯ ಕರ್ಣ ಎಂದು ಕೇಳಿದಳು. ನನಗೆ ಫಕ್ಕನೆ ಹೊಳೆಯಿತು. ಕಾಮೆಂಟ್ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಕ್ಕೀತು? ಅವಳು ಹೇಳಿದ್ದನ್ನು ಹಾಗೆಯೇ ಇಳಿಸಿದೆ. ಪಕ್ಕದಲ್ಲಿ ಒಂದು ಗುಲಾಬಿ ಡಬ್ಬಿ ಮೂಡಿತು, ಡಬ್ಬಿಯ ತಲೆಯ ಮೇಲೆ ತಾನಾಗಿಯೇ ‘ವಸಂತಿ’ ಎಂಬ ಹೆಸರು ಬಂತು. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಬೆರಗಾದೆ.

ಆಮೇಲೆ ತಡೆಯುವವರಿರಲಿಲ್ಲ. ನಾನು ಒಂದು ವಿಶೇಷಣ ಬರೆಯುವುದು, ಅವಳು ಅದರ ಚರ್ಮ ಸುಲಿಯುವುದು, ನಾನು ಡಬ್ಬಿಗೆ ತುಂಬುವುದು. ಇಬ್ಬರಿಗೂ ಅಷ್ಟೊಂದು ನಗು ಬಂದು ವರ್ಷವೇ ಆಗಿತ್ತು. ಮುಗಿದ ಮೇಲೆ ಕಲಿತ ವಿದ್ಯೆಯಂತೆ ಒಂದು ಗುಂಡಿ ಒತ್ತಿದೆ. ಡಬ್ಬಿಗಳೆಲ್ಲ ಮಾಯ! ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂಬ ಸರಳ ಸಿದ್ಧಾಂತದ ಮೇಲೆ ನಾನು ಕಡತವನ್ನು ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ. ಕೆಳಗೆ ‘ಪತ್ರ ರಚನೆ ಮತ್ತು ವಿನ್ಯಾಸ’ ಎಂದು ನನ್ನ ಹೆಸರನ್ನು ನೆರಳು ಬೀಳುವ ಅಕ್ಷರದಲ್ಲಿ ಹಾಕಿದ್ದೆ. ಅದು ರಾಯರ ಹೆಸರಿಗಿಂತ ತುಸು ದೊಡ್ಡದಾಗಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಅಂಗಡಿಯವನ ಫೋನು. ಅವನು ಮರಾಠಿಯವನು, ಕನ್ನಡ ಅಕ್ಷರ ಅವನಿಗೆ ರಂಗೋಲಿಯಷ್ಟೇ ಅರ್ಥವಾಗುತ್ತದೆ. “ಕಾಕಾ, ಸೈಡ್‌ಲಾ ಗುಲಾಬಿ ಡಬೆ ದಿಸ್ತಾತ್. ಠೇವೂ ಕಾ?” ಎಂದ. ಪಕ್ಕದಲ್ಲಿ ಗುಲಾಬಿ ಡಬ್ಬಿಗಳು ಕಾಣುತ್ತಿವೆ, ಇಡಲೇ ಎಂದು ಪಾಪ ಕೇಳಿದ್ದ. ನನ್ನ ಕಣ್ಣ ಮುಂದೆ ಬಂದದ್ದು ಪುಟದಂಚಿನ ತಾವರೆಗಳು. ಮೂರು ಶನಿವಾರ ಬೆವರು ಸುರಿಸಿದ್ದನ್ನು ಇವನು ಡಬ್ಬಿ ಎನ್ನುತ್ತಾನಲ್ಲ ಎಂದು ಸಿಟ್ಟೇ ಬಂತು. ಅದೇ ಮುಖ್ಯ, ಬಣ್ಣದಲ್ಲೇ ಪ್ರಿಂಟ್ ಮಾಡು, ಚೆನ್ನಾಗಿ ಎದ್ದು ಕಾಣಬೇಕು ಎಂದು ತಾಕೀತು ಮಾಡಿದೆ. ಅವನು ಪ್ರಾಮಾಣಿಕ ಮನುಷ್ಯ. ಎದ್ದು ಕಾಣುವಂತೆಯೇ ಮಾಡಿದ್ದ.

ಕಟ್ಟು ಹಾಕಿ, ಹೊಳೆಯುವ ಕಾಗದದಲ್ಲಿ ಸುತ್ತಿ ಅವನು ನೇರವಾಗಿ ಸಭಾಂಗಣಕ್ಕೇ ತಲುಪಿಸಿದ. ಬಿಚ್ಚಿ ನೋಡೋಣವೇ ಎಂದು ಖಜಾಂಚಿ ಕೇಳಿದರು. ಇಂಟರ್ಮೀಡಿಯೆಟ್ ಕಲಿತವನ ಕೆಲಸವನ್ನು ಬಿಚ್ಚಿ ನೋಡುವುದೇ? ವೇದಿಕೆಯಲ್ಲೇ ಬಿಚ್ಚೋಣ ಎಂದೆ.

ಪತ್ರ ಓದಲು ನಿಂತವಳು ನಮ್ಮ ಸಂಘದ ಕನ್ನಡ ತರಗತಿಯ ಮೊದಲ ಫಲ, ಶ್ರಾವ್ಯ. ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ಕಲ್ಯಾಣದಲ್ಲಿ, ಮನೆಯಲ್ಲಿ ಹಿಂದಿ. ಕನ್ನಡ ಅರ್ಥವಾಗುವುದು ಅಷ್ಟಕ್ಕಷ್ಟೆ, ಆದರೆ ಓದುವುದು ಮಾತ್ರ ಸ್ಫುಟ. ಎಡದಿಂದ ಬಲಕ್ಕೆ ಒಂದಕ್ಷರವನ್ನೂ ಬಿಡದೆ ಓದಬೇಕು ಎಂದು ಅವಳಿಗೆ ಕಲಿಸಿದವನು ನಾನೇ.

ಓದಿದಳು. “ದಾನಶೂರ ಕರ್ಣರೇ. ವಸಂತಿ. ಎರಡನೇ ಸಲ ಚಟ್ನಿ ಕೇಳಿದರೆ ಕಿಟಕಿ ಕಡೆ ನೋಡುವ ಮನುಷ್ಯ ಯಾವ ಸೀಮೆಯ ಕರ್ಣ.”

ಸಭೆ ಒಮ್ಮೆ ಕೆಮ್ಮಿತು. ಇದೇನೋ ಹೊಸ ಕಾವ್ಯಪ್ರಕಾರ ಇರಬಹುದೆಂದು ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ನಾನು ಮಾತ್ರ ವೇದಿಕೆಯ ಪಕ್ಕಕ್ಕೆ ಓಡಿದೆ.

“ಕನ್ನಡದ ಕಟ್ಟಾಳುಗಳೇ. ವಸಂತಿ. ಹೋಟೆಲಿನ ಬೋರ್ಡಿನಲ್ಲಿ ಒಂದಕ್ಷರ ಕನ್ನಡ ಉಂಟಾ ಮಾರಾಯ್ರೆ. ಸಂಘದ ಬೆನ್ನೆಲುಬೇ. ವಸಂತಿ. ಬರುವುದು ಫೋಟೋ ತೆಗೆಯುವ ಹೊತ್ತಿಗೆ. ಸರಳ ಜೀವಿಗಳೇ. ವಸಂತಿ. ಕೈಯಲ್ಲಿ ನಾಲ್ಕು ಉಂಗುರ.”

ರಾಯರು ಮೆಲ್ಲನೆ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು. ನಾನು ವೇದಿಕೆಯ ಪಕ್ಕದಿಂದ ಎರಡೂ ಕೈ ಬೀಸಿದೆ. ದನಿ ಏರಿಸು ಎಂದಿರಬೇಕೆಂದು ಹುಡುಗಿ ದನಿ ಏರಿಸಿದಳು. ಕೊನೆಯ ಡಬ್ಬಿ ಇಡೀ ಸಭಾಂಗಣಕ್ಕೆ ಮೊಳಗಿತು. “ಬರೆಯುವವರಿಗೂ ಇದರ ಮೇಲೆ ನಂಬಿಕೆ ಇಲ್ಲ, ಕೇಳುವವರಿಗೂ ಇಲ್ಲ. ಒಂದು ಕೋಣೆ ಕೊಟ್ಟು ನನ್ನ ಮನೆಯ ಪೆಟ್ಟಿಗೆ ತೆಗೆಸಿದರೆ ಸಾಕು, ಇವರನ್ನು ಇಂದ್ರ ಅಂತಲೂ ಬರೀರಿ.”

ಅದರ ಕೆಳಗಿದ್ದ ನನ್ನ ಹೆಸರನ್ನೂ ಅವಳು ಬಿಡಲಿಲ್ಲ.

ಖಜಾಂಚಿ ಅಭ್ಯಾಸಬಲದಿಂದ ರಾಯರ ಕೈಗೆ ಮೈಕು ಕೊಟ್ಟರು. ರಾಯರು ಈ ವಸಂತಿ ಯಾರು ಎಂದಷ್ಟೇ ಕೇಳಿದರು. ಆಕಾಶ ನೋಡೋಣವೆಂದು ನಾನು ತಲೆಯೆತ್ತಿದೆ, ಅಲ್ಲಿದ್ದದ್ದು ಫ್ಯಾನು. ಮೂರನೇ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು.

“ನಾನೇ. ಹೇಳಿದ್ದು ನಾನು, ಬರೆದದ್ದು ಇವರು. ಇವರು ಕಂಪ್ಯೂಟರ್ ಕಲಿತದ್ದು ಮಾತ್ರ ನನ್ನ ತಪ್ಪಲ್ಲ.”

ರಾಯರು ಏನೂ ಘೋಷಿಸಲಿಲ್ಲ. ಕಟ್ಟು ಹಾಕಿದ ಪತ್ರವನ್ನು ಕಂಕುಳಲ್ಲಿ ಇರಿಸಿಕೊಂಡು, ಊಟಕ್ಕೂ ನಿಲ್ಲದೆ ಕಾರು ಹತ್ತಿ ಮಾಜಿವಾಡಾದ ತಮ್ಮ ಮನೆಗೆ ಹೋದರು. ಸಂಘದ ಇತಿಹಾಸದಲ್ಲಿ ಮೈಕಿನಿಂದ ಪಾರಾದ ಮೊದಲ ಮನುಷ್ಯ! ಅವರ ಹೋಟೆಲಿನಿಂದಲೇ ಬಂದಿದ್ದ ಊಟವನ್ನು ಕಮಿಟಿಯವರು ನನ್ನ ಮುಖ ನೋಡದೆ ಉಂಡರು. ಚಟ್ನಿಯನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಮಾರನೆಯ ದಿನವೇ ವಸಂತಿ ಬದಲಾಪುರಕ್ಕೆಂದು ಚೀಲ ತುಂಬತೊಡಗಿದಳು. ಚೀಲ ಇಡಲು ಜಾಗವಿಲ್ಲದೆ ವಿಮರ್ಶೆಯ ಪೆಟ್ಟಿಗೆಯ ಮೇಲೆಯೇ ಇಟ್ಟಳು. ಸಂಘಕ್ಕೆ ಕೋಣೆ ಹೋದರೆ ಹೋಗಲಿ, ಸಭೆಯಲ್ಲಿ ಅವಳನ್ನು ನಿಲ್ಲಿಸಿದೆನಲ್ಲ ಎಂದು ಸಂಕಟವಾಯಿತು. ತಪ್ಪಾಯಿತು ಎಂದೆ. ಅವಳು ಸೀರೆ ಮಡಚುತ್ತಲೇ ಇದ್ದಳು.

ಐದನೇ ದಿನ ರಾಯರ ಫೋನು. ಕ್ಷಮಾಪಣೆಯನ್ನು ನಾನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ, ಕೈಯಿಂದ. ಓದಲು ಬಾಯಿ ತೆರೆಯುವಷ್ಟರಲ್ಲಿ ವಸಂತಮ್ಮನಿಗೆ ಕೊಡಿ ಎಂದರು. ಅವಳು ಫೋನು ಹಿಡಿದು ಹತ್ತು ನಿಮಿಷ ತುಳುವಿನಲ್ಲಿ ಮಾತಾಡಿದಳು, ನಡುವೆ ಎರಡು ಸಲ ನಕ್ಕಳು. ಫೋನು ಇಟ್ಟ ಮೇಲೆ ನನಗೆ ವರದಿ ಸಿಕ್ಕಿತು. ರಾಯರಿಗೆ ಇದುವರೆಗೆ ಹದಿನೇಳು ಸನ್ಮಾನ ಪತ್ರ ಬಂದಿವೆಯಂತೆ, ಅವರ ಮನೆಯವರು ಓದಿದ್ದು ಇದೊಂದನ್ನೇ ಅಂತೆ. ಚಟ್ನಿಯ ವಿಷಯ ಅವರ ಹೆಂಡತಿಯೂ ಒಪ್ಪಿದ್ದಾರಂತೆ. ಉಂಗುರ ನಾಲ್ಕಲ್ಲ, ಐದು. ಕೋಣೆ ಕೊಡುತ್ತಾರೆ, ಆದರೆ ಕೀಲಿಕೈ ವಸಂತಿಯ ಹತ್ತಿರವೇ ಇರಬೇಕು. ಸಂಘದ ಕಾರ್ಯದರ್ಶಿಗೆ ಪೆಟ್ಟಿಗೆ ಹೊರುವ ಕೆಲಸ ಕೊಡಬಹುದು.

ಹೊತ್ತೆ. ಇಪ್ಪತ್ತೆರಡನ್ನೂ ಮೆಟ್ಟಿಲು ಹತ್ತಿಸಿದೆ. ನೆರೂಳದಲ್ಲಿ ಬೇಸಿಕ್‌ಗೂ ಹೆಸರು ಕೊಟ್ಟು ಬಂದಿದ್ದೇನೆ. ಕೇತಕಿ ಮ್ಯಾಡಮ್ ಕಾರಣ ಕೇಳಲಿಲ್ಲ, ವಿಷಯ ಅಲ್ಲಿಗೂ ತಲುಪಿರಬೇಕು.

ಈಗ ವಸಂತಿ ದಿನಾ ಸಂಜೆ ಹೋಗಿ ಗ್ರಂಥಾಲಯದ ಬಾಗಿಲು ತೆರೆಯುತ್ತಾಳೆ. ಕೆಳಗೆ ಹೋಟೆಲಿನ ಬೋರ್ಡಿನಲ್ಲಿ ಕನ್ನಡ ಬಂದಿದೆ. ಮೇಲೆ ಬಾಗಿಲಿನ ಎದುರಿಗೇ, ರಾಯರೇ ಮೊಳೆ ಹೊಡೆಸಿ ಆ ಸನ್ಮಾನ ಪತ್ರವನ್ನು ತೂಗುಹಾಕಿಸಿದ್ದಾರೆ. ಬಂದವರೆಲ್ಲ ಮೊದಲು ಅದರ ಮುಂದೆ ನಿಂತು, ಬಲಗಡೆಯ ಗುಲಾಬಿ ಡಬ್ಬಿಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ನಕ್ಕು, ಆಮೇಲೆ ಪುಸ್ತಕ ಹುಡುಕಲು ಹೋಗುತ್ತಾರೆ. ಎಡಗಡೆ ನಾನು ಬರೆದದ್ದನ್ನು ಇವತ್ತಿನವರೆಗೆ ಒಬ್ಬರೂ ಓದಿಲ್ಲ.