ಹದಿನೈದನೆಯ ನೆರಳು

ದೆವ್ವಗಳಿಗೆ ನನ್ನ ಮೇಲೆ ಅದೇನು ಅಕ್ಕರೆಯೋ, ನಾನು ಕೈ ಹಾಕಿದ ಕೆಲಸದಲ್ಲೆಲ್ಲ ಒಂದಾದರೂ ಬಂದು ನಿಂತಿರುತ್ತದೆ. ಅಹಮದಾಬಾದಿನಲ್ಲಿ ಮೂವತ್ತೈದು ವರ್ಷ ಉಪಗ್ರಹಗಳಿಗೆ ಸ್ಕ್ರೂ ಬಿಗಿದ ಕೈ ಇದು. ಒಂದೇ ಒಂದು ಸ್ಕ್ರೂ ಸಡಿಲ ಬಿಟ್ಟಿದ್ದರೂ ಇಷ್ಟು ಹೊತ್ತಿಗೆ ಉಪಗ್ರಹ ವಡೋದರಾದ ಗೋರ್ವಾದಲ್ಲಿ ಯಾರದೋ ತಾರಸಿಗೆ ಬಿದ್ದು, ಅವರು ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಇಂಥವನು ನಿವೃತ್ತನಾದ ಮೇಲೆ ಸುಮ್ಮನೆ ಕೂರುವುದುಂಟೇ?

ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯಲ್ಲಿರುವ ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. "ಕಾಕಾ, ನಮ್ಮ ಹುಡುಗಿ ಸಾಲ್ಯಾಗ ಶನಿವಾರ ಆಕ್ಟಿವಿಟಿ ಪೀರಿಯಡ್ ಐತ್ರಿ. ಹೊಸಾದು ಏನರ ಕಲಿಸೋರು ಬೇಕಂತ. ನಿಮಗ ಏನ್ ಬರ್ತದ?"

"ಏನು ಬರೋದಿಲ್ಲ ಅಂತ ಕೇಳಮ್ಮ" ಅಂದೆ.

ಹಾಗೆ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ತೊಗಲುಗೊಂಬೆ ಕ್ಲಬ್ಬು ಹುಟ್ಟಿತು. ಚಿಕ್ಕಂದಿನಲ್ಲಿ ನಾನು ಎರಡು ಸಲ ಗೊಂಬೆಯಾಟ ನೋಡಿದ್ದೆ, ಅದರಲ್ಲಿ ಒಂದು ಸಲ ಎಚ್ಚರವಾಗಿಯೂ ಇದ್ದೆ. ಇನ್ನೇನು ಬೇಕು?

ಆಕೆಯ ಮಗಳು ಒಂಬತ್ತನೇ ಕ್ಲಾಸು. ಮಾತು ತಡವರಿಸುತ್ತದೆ ಅಂತ ಕ್ಲಾಸಿನಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಆದರೆ ಪರದೆಯ ಹಿಂದೆ ಕೈಗೊಂದು ಗೊಂಬೆ ಕೊಟ್ಟರೆ ಮಾತು ಸರಾಗ. ವಾರವಿಡೀ ಮಗು ಶನಿವಾರಕ್ಕೇ ಕಾಯುತ್ತಿತ್ತು. ಪ್ರಿನ್ಸಿಪಾಲ್ ಬೆನ್ (ಗುಜರಾತಿನಲ್ಲಿ ಟೀಚರಮ್ಮಂದಿರೆಲ್ಲ ಬೆನ್, ಅಂದರೆ ಅಕ್ಕ) ಮಾತ್ರ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಹದಿನೈದು ಹುಡುಗಿಯರಿದ್ದರೆ ಕ್ಲಬ್. ಒಬ್ಬಳು ಕಡಿಮೆಯಾದರೂ ಈ ಕೋಣೆ ಗಣಿತದ ಎಕ್ಸ್‌ಟ್ರಾ ಕ್ಲಾಸಿಗೆ."

ನಮ್ಮಲ್ಲಿ ಇಪ್ಪತ್ತು ಜನರಿದ್ದರು. ನಾನು ನಕ್ಕುಬಿಟ್ಟೆ.

ರಾಣಿಯ ಪಕ್ಕೆಲುಬು

ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿಗೆ ಕಪ್ಪು ಕಾಗದ. ಹೊರಗೆ ಬಿಸಿಲು ಧಗಧಗ ಅನ್ನುವಾಗಲೂ ಒಳಗೆ ಕಾಲಿಟ್ಟರೆ ಪಾದ ತಣ್ಣಗಾಗುತ್ತಿತ್ತು. ಫ್ಯಾನಿಲ್ಲದಿದ್ದರೂ ಹಗ್ಗಕ್ಕೆ ನೇತುಹಾಕಿದ ಗೊಂಬೆಗಳು ಮೆಲ್ಲಗೆ ತಿರುಗಿ ಬಾಗಿಲ ಕಡೆ ಮುಖ ಮಾಡುತ್ತಿದ್ದವು. "ಗಾಳಿ" ಅನ್ನುತ್ತಿದ್ದೆ. ಯಾವ ಗಾಳಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ತೊಗಲು ಎಲ್ಲಿಂದ ತರುವುದು? ಮನೆಯಲ್ಲಿರುವ ಹಳೆಯ ಎಕ್ಸ್‌ರೇ ಹಾಳೆ ತನ್ನಿ, ಬ್ಲೀಚಿಂಗ್ ನೀರಿನಲ್ಲಿ ತೊಳೆದರೆ ಕಪ್ಪೆಲ್ಲ ಹೋಗುತ್ತದೆ, ಕತ್ತರಿಸಿ ಬಣ್ಣ ಹಚ್ಚೋಣ ಅಂದೆ. ಮಕ್ಕಳು ಶ್ರದ್ಧೆಯಿಂದ ತೊಳೆದರು. ರಾಣಿಯನ್ನು ನಾನೇ ಮಾಡಿದೆ, ಕಲಾವಿದನ ಅವಸರದಲ್ಲಿ ತೊಳೆಯುವುದನ್ನು ಬಿಟ್ಟು.

ಮೊದಲ ಪ್ರದರ್ಶನ. ಬಲ್ಬು ಹತ್ತಿತು. ಪರದೆಯ ಮೇಲೆ ರಾಣಿ ಬಂದು ನಿಂತಳು. ಅವಳ ರವಿಕೆಯೊಳಗೆ ಹನ್ನೆರಡು ಜೊತೆ ಪಕ್ಕೆಲುಬು, ನಡುವೆ ಒಂದು ಗುಂಡಿಗೆ. ಕಿರುಚಾಟಕ್ಕೆ ಮೇಲಿನ ಮಹಡಿಯ ಸಂಗೀತದ ಕ್ಲಾಸು ನಿಂತುಹೋಯಿತು.

ಕ್ಲಬ್ಬಿನ ಮೇಲ್ವಿಚಾರಣೆಗೆ ಕೂರುತ್ತಿದ್ದ ಕ್ರಾಫ್ಟ್ ಟೀಚರು ಧೈರ್ಯ ಮಾಡಿ ಹತ್ತಿರ ಹೋಗಿ ರಾಣಿಯ ಸೊಂಟದ ಬಳಿ ಓದಿದರು. "ಅಂಕಲ್, ಇಲ್ಲಿ ನಿಮ್ಮ ಹೆಸರಿದೆ. ಪುರುಷ, ವಯಸ್ಸು ಅರವತ್ತೇಳು."

"ನೋಡಿದಿರಾ, ಈ ವಯಸ್ಸಿನಲ್ಲೂ ಒಂದು ಪಕ್ಕೆಲುಬೂ ಡೊಂಕಿಲ್ಲ" ಅಂದೆ. ನಾಲ್ಕು ಹುಡುಗಿಯರು ಕ್ಲಬ್ಬು ಬಿಟ್ಟರು.

ಹೊಟ್ಟೆ ಬಂದ ದೆವ್ವ

ಆ ಕೋಣೆಯಲ್ಲಿ ಯಾರೋ ಇದ್ದಾರೆ ಅಂತ ಶಾಲೆಯೆಲ್ಲ ಗುಸುಗುಸು. ವಿಜ್ಞಾನದ ಮನುಷ್ಯ ನಾನು, ಪರೀಕ್ಷೆ ಮಾಡಿಯೇ ಬಿಡೋಣ ಅಂದೆ. ಹದಿನಾರು ಹುಡುಗಿಯರು ಪರದೆಯ ಹಿಂದೆ ಸಾಲಾಗಿ ನಿಂತರು. ಅವರ ಬೆನ್ನಿಗೆ ಬಲ್ಬು. ಮುಂದೆ ಕೂತ ಟೀಚರು ನೆರಳು ಎಣಿಸಬೇಕು.

"ಹದಿನಾಲ್ಕು, ಹದಿನೈದು, ಹದಿನಾರು..." ಟೀಚರು ಎದ್ದು ನಿಂತರು. "ಹದಿನೇಳು! ಬಾಪ್ ರೇ, ಕೊನೇದು ಸೂರಿಗೆ ಮುಟ್ಟುತ್ತಿದೆ!"

ತಲೆಯೆತ್ತಿದೆ. ಪರದೆಯ ತುಂಬ ಒಂದು ಆಕೃತಿ. ಗುಡಾಣದಂಥ ಹೊಟ್ಟೆ, ನೆತ್ತಿಯ ಮೇಲೆ ಎರಡು ಕೊಂಬು. ನಾನು ಕೈಯೆತ್ತಿ ಚೀರಿದೆ. ಅದೂ ಕೈಯೆತ್ತಿತು. ಓಡಿದೆ, ಅದೂ ಓಡಿತು, ಅದೂ ನನ್ನ ಕಡೆಗೇ!

"ಅಂಕಲ್, ಬಲ್ಬಿನ ಪಕ್ಕದಿಂದ ಈಚೆ ಬನ್ನಿ! ತಲೆಗೇರಿಸಿರೋ ಕನ್ನಡಕ ತೆಗೀರಿ!" ಟೀಚರು ಕೂಗಿದರು.

ಅಷ್ಟು ವೇಗವಾಗಿ ಓಡಬಲ್ಲ ದೆವ್ವ ಗುಜರಾತಿನಲ್ಲೇ ಇನ್ನೊಂದಿಲ್ಲ ಅಂತ ಈಗಲೂ ಎದೆ ತಟ್ಟಿ ಹೇಳುತ್ತೇನೆ. ಇನ್ನಿಬ್ಬರು ಹುಡುಗಿಯರು ಬಿಟ್ಟುಹೋದರು. ಉಳಿದವರು ಹದಿನಾಲ್ಕು.

ಎಣಿಕೆ

ಮುಂದಿನ ಶನಿವಾರ ಪ್ರಿನ್ಸಿಪಾಲ್ ಬೆನ್ ಎಣಿಸಲು ಬರುತ್ತಾರೆ ಅಂತ ಸುದ್ದಿ. ನಮ್ಮ ಹುಬ್ಬಳ್ಳಿ ಹುಡುಗಿ ಮೂಲೆಯಲ್ಲಿ ಗೊಂಬೆಯನ್ನು ಎದೆಗವಚಿಕೊಂಡು ಕೂತಿತ್ತು. ನೋಡಲಾಗಲಿಲ್ಲ. ಈ ತಪ್ಪೆಲ್ಲ ನನ್ನದೇ ತಾನೇ?

ಉಪಾಯವೂ ನನ್ನದೇ. ಹುಡುಗಿಯರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹಾದುಹೋಗುತ್ತ ಒಂದೊಂದು ಮಾತು ಹೇಳುವುದು. ನಮ್ಮ ಹುಡುಗಿ ಮೊದಲು ಹಾದು, ಎಲ್ಲರದೂ ಮುಗಿದ ಮೇಲೆ ತಲೆಗೆ ದುಪಟ್ಟಾ ಹೊದ್ದು, ಮಾತಾಡದೆ ಇನ್ನೊಂದು ಸಲ ಹಾಯುವುದು. ಬೆನ್ ನೋಡುವುದು ನೆರಳನ್ನು ಮಾತ್ರ.

ಪ್ರಿನ್ಸಿಪಾಲ್ ಬೆನ್ ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ನಾನು. ಬೆನ್ ಗುಜರಾತಿಯಲ್ಲಿ ಎಣಿಸುತ್ತ ಬೆರಳು ಮಡಚುತ್ತಿದ್ದರು. "ಬಾರ್... ತೇರ್... ಚೌದ್..."

ಹದಿನಾಲ್ಕು ಆಯಿತು. ಆಮೇಲೆ ಏನೂ ಇಲ್ಲ. ಖಾಲಿ ಪರದೆ. ಇದ್ದಕ್ಕಿದ್ದ ಹಾಗೆ ಪಾದ ತಣ್ಣಗಾಯಿತು. ಎಡಗಡೆಯಿಂದ ಒಂದು ನೆರಳು ಬಂತು. ತಲೆಯ ಮೇಲೆ ಸೆರಗು. ಹೆಜ್ಜೆಯ ಸದ್ದಿಲ್ಲ. ನಡುವೆ ನಿಂತು, ನಿಧಾನವಾಗಿ ನಮ್ಮ ಕಡೆ ತಿರುಗಿ, ತಲೆ ಬಾಗಿಸಿ, ಹೊರಟುಹೋಯಿತು.

"ಪಂದರ್! ಹದಿನೈದು ಪೂರ್ತಿ" ಅಂದರು ಬೆನ್. ರಿಜಿಸ್ಟರಿಗೆ ಸಹಿ ಹಾಕಿದರು. "ಆ ಕೊನೆಯವಳು ಎಂಥ ಅಭಿನಯ ಮಾಡಿದಳು! ಮೈ ಜುಮ್ಮೆಂದಿತು. ವಾರ್ಷಿಕೋತ್ಸವದಲ್ಲಿ ಮುಖ್ಯ ಪಾತ್ರ ಅವಳಿಗೇ."

ಅವರು ಮೆಟ್ಟಿಲು ಹತ್ತಿದ ಕೂಡಲೇ ಪರದೆಯ ಹಿಂದೆ ಓಡಿದೆ. "ಶಭಾಷ್ ಮಗಳೇ! ಎಷ್ಟು ಚೆನ್ನಾಗಿ ಎರಡನೇ ಸಲ ಬಂದೆ!"

ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿತ್ತು. ಗೊಂಬೆಯಿಲ್ಲದೆ, ಒಮ್ಮೆಯೂ ತಡವರಿಸದೆ ಹೇಳಿತು: "ಕಾಕಾ, ನಾ ಹೋಗಲೇ ಇಲ್ಲ. ದುಪಟ್ಟಾ ಮೊಳಿಗೆ ಸಿಕ್ಕಿತ್ತು. ನಾ ಇಲ್ಲೇ ನಿಂತಿದ್ದೆ."

ಉಳಿದ ಹದಿಮೂರು ಹುಡುಗಿಯರು ನನ್ನನ್ನೇ ನೋಡಿದರು. ಟೀಚರು ಹದಿನಾಲ್ಕೂ ತಲೆಗಳನ್ನು ಮತ್ತೊಮ್ಮೆ ಎಣಿಸಿದರು. ಮೂವತ್ತೈದು ವರ್ಷ ಉಪಗ್ರಹ ಕಳಿಸಿದ ನಾನು ಹೆದರುತ್ತೇನೆಯೇ? ಬಾಗಿಲ ಚಿಲಕ ಹಿಡಿದುಕೊಂಡೇ ಖಾಲಿ ಪರದೆಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಅಂದೆ: "ತಾಯಿ, ಮುಖ್ಯ ಪಾತ್ರ ನಿಮ್ಮದೇ. ಶನಿವಾರ ಹತ್ತಕ್ಕೆ ರಿಹರ್ಸಲ್. ದಯವಿಟ್ಟು ಲೇಟ್ ಮಾಡಬೇಡಿ."

ಹುಡುಗಿ ನನ್ನ ತೋಳು ಹಿಡಿದು ಜಗ್ಗಿತು. "ಕಾಕಾ, ಗುಜರಾತಿಯೊಳಗ ಹೇಳ್ರಿ. ಅವರಿಗೆ ಕನ್ನಡ ಎಲ್ಲಿ ಬರ್ತದ!"